ಗೆರೆಯನ್ನು ಆಳುವ ಗಂಟುಗಳು



ಆಮಂತ್ರಣ ಪತ್ರಿಕೆಯ ಸಣ್ಣ ಅಕ್ಷರ ಮತ್ತು ಅಂಗಡಿಯ ಬೋರ್ಡಿನ ಆಳೆತ್ತರದ ಅಕ್ಷರ ಇವೆರಡೂ ಇಂದು ಕಂಪ್ಯೂಟರಿನಲ್ಲಿರುವ ಒಂದೇ ಮೂಲದಿಂದ ಬಂದಿರಬಹುದು. ಸಣ್ಣದನ್ನು ನೂರು ಪಟ್ಟು ಹಿಗ್ಗಿಸಿದರೂ ಅಂಚು ನುಣುಪಾಗಿಯೇ ಉಳಿಯುತ್ತದೆ. ಫೋಟೊ ಒಂದನ್ನು ಹಾಗೆ ಹಿಗ್ಗಿಸಿದರೆ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು? ಫೋಟೊದಲ್ಲಿ ಶೇಖರವಾಗಿರುವುದು ಬಣ್ಣದ ಚುಕ್ಕೆಗಳು. ಅಕ್ಷರದಲ್ಲಿ ಶೇಖರವಾಗಿರುವುದು ಗೆರೆ ಎಳೆಯುವ ಸೂಚನೆ: ಇಲ್ಲಿಂದ ಹೊರಡು, ಇತ್ತ ಬಾಗು, ಅಲ್ಲಿಗೆ ಮುಟ್ಟು. ಗಾತ್ರ ಯಾವುದಾದರೂ ಸೂಚನೆ ಅದೇ. ಇಂಥ ಚಿತ್ರಕ್ಕೆ ವೆಕ್ಟರ್ ಚಿತ್ರವೆಂದು ಹೆಸರು.

ಗೆರೆ ಹೊರಡುವ ಮತ್ತು ಮುಟ್ಟುವ ಜಾಗಗಳನ್ನು ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ‘ನೋಡ್’ ಎನ್ನುತ್ತಾರೆ. ಕನ್ನಡದಲ್ಲಿ ಗಂಟು ಎನ್ನಬಹುದು. ಗಂಟಿನ ಎರಡು ಕಡೆಗೂ ಕಡ್ಡಿಯಂತೆ ಚಾಚಿಕೊಂಡ ಹಿಡಿಗಳಿರುತ್ತವೆ. ಗೆರೆ ಯಾವ ದಿಕ್ಕಿಗೆ ಹೊರಡಬೇಕೆಂಬುದನ್ನು ಹಿಡಿಯ ದಿಕ್ಕು ಹೇಳುತ್ತದೆ. ಆ ಸೆಳೆತ ಎಷ್ಟು ಬಲವಾಗಿರಬೇಕೆಂಬುದನ್ನು ಅದರ ಉದ್ದ ಹೇಳುತ್ತದೆ. ವಿಶೇಷವೆಂದರೆ, ಬಾಗಿದ ಗೆರೆ ಸಾಮಾನ್ಯವಾಗಿ ಹಿಡಿಯ ತುದಿಯನ್ನು ಮುಟ್ಟುವುದೇ ಇಲ್ಲ. ಅಂಗಳದಲ್ಲಿ ಹಾಕುವ ಎಳೆ ರಂಗೋಲಿಯಲ್ಲಿ ಎಳೆಯು ಚುಕ್ಕಿಯನ್ನು ಮುಟ್ಟದೆ ಸುತ್ತಿಬರುತ್ತದೆ. ಆದರೂ ಎಳೆಯ ದಾರಿಯನ್ನು ನಿರ್ಧರಿಸುವುದು ಆ ಚುಕ್ಕಿಯೇ. ಹಿಡಿಯ ಕೆಲಸವೂ ಹೆಚ್ಚುಕಡಿಮೆ ಅಂಥದೇ.

ಈ ವಿದ್ಯೆ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಕಾರಿನ ಮೈಯ ಬಾಗನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಅಂಕೆಗಳಲ್ಲಿ ಹೇಳಬೇಕಾಗಿತ್ತು. 1959ರಲ್ಲಿ ಸಿತ್ರೋಎನ್ ಕಂಪನಿಯಲ್ಲಿದ್ದ ಗಣಿತಜ್ಞ ಪಾಲ್ ದ ಕಾಸ್ತೆಲ್ಜೊ ಕೆಲವೇ ಬಿಂದುಗಳಿಂದ ಬಾಗನ್ನು ಕರಾರುವಾಕ್ಕಾಗಿ ಹೇಳುವ ವಿಧಾನವನ್ನು ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೊ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ ಸ್ವತಂತ್ರವಾಗಿ ಇಂಥದೇ ವಿಧಾನ ರೂಪಿಸಿ ಪ್ರಕಟಿಸಿದರು. ಹಾಗಾಗಿ ಗೆರೆಗೆ ಬೆಜಿಯೆ ಅವರ ಹೆಸರೇ ನಿಂತಿತು. ಮುಂದೆ ಅಡೋಬಿ ಕಂಪನಿ 1984ರಲ್ಲಿ ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆ ಅಕ್ಷರಗಳನ್ನು ಈ ಗೆರೆಗಳಿಂದಲೇ ಬರೆಯಿತು. 1987ರಲ್ಲಿ ಬಂದ ಅದೇ ಕಂಪನಿಯ ಇಲಸ್ಟ್ರೇಟರ್ ತಂತ್ರಾಂಶ ಗಂಟು-ಹಿಡಿಗಳನ್ನು ಚಿತ್ರಕಾರರ ಕೈಗೇ ಕೊಟ್ಟಿತು.

ಕಾಸ್ತೆಲ್ಜೊ ಅವರ ವಿಧಾನವನ್ನು ಕಾಗದ, ಪೆನ್ಸಿಲಿನಲ್ಲೇ ಮಾಡಿ ನೋಡಬಹುದು. ಎರಡು ಗಂಟು, ಅವುಗಳ ನಡುವೆ ಎರಡು ಹಿಡಿಗಳ ತುದಿ, ಒಟ್ಟು ನಾಲ್ಕು ಬಿಂದುಗಳನ್ನು ಇಟ್ಟುಕೊಳ್ಳಿ. ಸಾಲಾಗಿ ಸೇರಿಸಿದರೆ ಮೂರು ನೇರ ಗೆರೆಗಳಾಗುತ್ತವೆ. ಆ ಮೂರರ ನಡುಬಿಂದುಗಳನ್ನು ಸೇರಿಸಿದರೆ ಎರಡು ಗೆರೆ. ಆ ಎರಡರ ನಡುಬಿಂದುಗಳನ್ನು ಸೇರಿಸಿದರೆ ಒಂದು. ಈ ಕೊನೆಯ ಗೆರೆಯ ನಡುಬಿಂದು ಸರಿಯಾಗಿ ಬಾಗಿನ ಮೇಲೆಯೇ ಕೂತಿರುತ್ತದೆ. ಅಲ್ಲಿ ಬಾಗನ್ನು ಎರಡು ತುಂಡು ಮಾಡಿದರೆ, ಲೆಕ್ಕದ ದಾರಿಯಲ್ಲಿ ಸಿಕ್ಕ ಬಿಂದುಗಳೇ ಹೊಸ ತುಂಡುಗಳ ಹಿಡಿಗಳಾಗುತ್ತವೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಗೆರೆಯ ಮೇಲೆ ಹೊಸ ಗಂಟು ಸೇರಿಸಿದರೆ ಆಕಾರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಗಂಟನ್ನು ಅಳಿಸಿದರೆ ಹಾಗಲ್ಲ. ಎರಡು ತುಂಡುಗಳು ಹೇಳಿದ್ದನ್ನು ಆಗ ಒಂದೇ ತುಂಡು ಹೇಳಬೇಕು. ಆಕಾರ ಸಾಮಾನ್ಯವಾಗಿ ಅಷ್ಟಿಷ್ಟು ಜರುಗುತ್ತದೆ. ಸೇರಿಸುವುದು ಸುಲಭ, ಕಳೆಯುವುದಕ್ಕೆ ವಿವೇಕ ಬೇಕು.

ತಿದ್ದುವ ಕೆಲಸ ಶುರುವಾಗುವುದು ಗಂಟಿನ ಆಯ್ಕೆಯಿಂದ. ಮೌಸ್ ಒತ್ತಿದರೆ ಒಂದು ಗಂಟು ಸಿಗುತ್ತದೆ. ಶಿಫ್ಟ್ ಕೀಲಿ ಹಿಡಿದು ಒತ್ತುತ್ತ ಹೋದರೆ ಇನ್ನಷ್ಟು ಗಂಟುಗಳು ಜೊತೆಗೂಡುತ್ತವೆ. ಸುತ್ತ ಚೌಕ ಎಳೆದರೆ ಒಳಗಿನವೆಲ್ಲ ಒಟ್ಟಿಗೆ ಸಿಗುತ್ತವೆ. ಒಂದನ್ನೇ ಸರಿಸಿದರೆ ಅದರ ಅಕ್ಕಪಕ್ಕದ ಎರಡು ತುಂಡುಗಳು ಮಾತ್ರ ಬದಲಾಗುತ್ತವೆ. ಹಲವನ್ನು ಒಟ್ಟಿಗೆ ಸರಿಸಿದರೆ ಅವುಗಳ ನಡುವಿನ ಆಕಾರ ಕೆಡದೆ ಇಡೀ ಭಾಗ ಜರುಗುತ್ತದೆ. ಗಂಟುಗಳಲ್ಲಿಯೂ ಜಾತಿಗಳಿವೆ. ಮೂಲೆಗಂಟಿನ ಎರಡು ಹಿಡಿಗಳು ಒಂದರ ಹಂಗಿಲ್ಲದೆ ಇನ್ನೊಂದು ತಿರುಗುತ್ತವೆ. ನುಣುಪುಗಂಟಿನಲ್ಲಿ ಅವೆರಡೂ ಒಂದೇ ಸರಳರೇಖೆಯಲ್ಲಿರಬೇಕು. ಸಮಗಂಟಿನಲ್ಲಿ ಉದ್ದವೂ ಸಮನಾಗಿರಬೇಕು. ಕನ್ನಡದ ತಲೆಕಟ್ಟಿನ ತುದಿಗೆ ಮೂಲೆಗಂಟು ಬೇಕು, ಅಕ್ಷರದ ಹೊಟ್ಟೆಗೆ ನುಣುಪುಗಂಟು ಬೇಕು. ಅದಲುಬದಲಾದರೆ ತುದಿ ಮೇಣದಂತೆ ಕರಗುತ್ತದೆ, ಹೊಟ್ಟೆ ತಗ್ಗು ಬೀಳುತ್ತದೆ.

ಗಂಟುಗಳು ಎಷ್ಟಿರಬೇಕು? ಅನುಸ್ವಾರದ ಸೊನ್ನೆಯನ್ನೇ ತೆಗೆದುಕೊಳ್ಳಿ. ಅದು ಪೂರ್ಣ ವೃತ್ತವಾಗಿದ್ದರೆ ಹೊರಗೆರೆಗೆ ನಾಲ್ಕೇ ಗಂಟು ಸಾಕು: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಹಿಡಿಯ ಉದ್ದ ತ್ರಿಜ್ಯದ ಸುಮಾರು 0.5523 ಭಾಗ. ಶಾಸ್ತ್ರದ ಪ್ರಕಾರ ಬೆಜಿಯೆ ಗೆರೆಯಿಂದ ನಿಜವಾದ ವೃತ್ತ ಬರಲಾರದು. ಆದರೆ ಈ ಲೆಕ್ಕದಲ್ಲಿ ತಪ್ಪು ತ್ರಿಜ್ಯದ ಹತ್ತು ಸಾವಿರದಲ್ಲಿ ಮೂರು ಪಾಲನ್ನೂ ಮುಟ್ಟುವುದಿಲ್ಲ. ಕಣ್ಣಿಗೆ ಅದು ವೃತ್ತವೇ. ಅಲ್ಲಿ ನಲವತ್ತು ಗಂಟುಗಳನ್ನಿಟ್ಟರೆ ವೃತ್ತ ಇನ್ನೂ ಚೆನ್ನಾಗಿ ಕಾಣುವುದಿಲ್ಲ. ಒಂದೊಂದೂ ಚೂರು ಜರುಗಿ ಗೆರೆ ನಡುಗುವ ಅವಕಾಶ ಮಾತ್ರ ಹೆಚ್ಚುತ್ತದೆ.

ದುಂಡನೆಯ ಲಿಪಿಯ ಕನ್ನಡಕ್ಕೆ ಇದು ಬರಿಯ ತಾಂತ್ರಿಕ ವಿಷಯವಲ್ಲ. ಸೀಸದ ಮೊಳೆಗಳ ಕಾಲದಲ್ಲಿ ಅಕ್ಷರವನ್ನು ಉಕ್ಕಿನ ಕಡ್ಡಿಯ ತುದಿಯಲ್ಲಿ ಕೈಯಿಂದ ಕೆತ್ತುತ್ತಿದ್ದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1894ರಲ್ಲಿ ಪ್ರಕಟಿಸಿದ ಕಿಟ್ಟೆಲ್ ನಿಘಂಟಿನಂಥ ಹಳೆಯ ಪುಸ್ತಕಗಳ ಅಕ್ಷರಗಳನ್ನು ಇಂದು ಯಾರಾದರೂ ಕಂಪ್ಯೂಟರಿಗೆ ತರಬೇಕೆಂದರೆ, ಪುಟವನ್ನು ಸ್ಕ್ಯಾನ್ ಮಾಡಿ ಗೆರೆಗಳನ್ನು ತಾನಾಗಿ ಗುರುತಿಸುವ ಸೌಲಭ್ಯವಿದೆ. ಆದರೆ ಕಾಗದದಲ್ಲಿ ಮಸಿ ಹರಡಿದ್ದು ಯಾವುದು, ಸವೆದ ಮೊಳೆಯ ಮುಕ್ಕು ಯಾವುದು, ಕೆತ್ತಿದವನು ಬೇಕೆಂದೇ ಕೊಟ್ಟ ಬಾಗು ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ಎಲ್ಲ ಉಬ್ಬುತಗ್ಗಿಗೂ ಅದು ಒಂದೊಂದು ಗಂಟು ಹಾಕಿಕೊಂಡು ಹೋಗುತ್ತದೆ. ಅವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂದು ಹೇಳಬಲ್ಲವರು ಅಕ್ಷರವನ್ನು ಬಲ್ಲವರೇ.

ಕೈಬರಹದಲ್ಲಿ ಒಂದು ‘ಅ’ ಕೆಟ್ಟರೆ ಮುಂದಿನದನ್ನು ತಿದ್ದಿ ಬರೆಯಬಹುದು. ಅಕ್ಷರಶೈಲಿಯ ಕಡತದಲ್ಲಿ ಒಂದು ಗಂಟು ತಪ್ಪಿ ಕೂತರೆ ಆ ಶೈಲಿಯಲ್ಲಿ ಅಚ್ಚಾಗುವ ಎಲ್ಲ ‘ಅ’ಗಳೂ ಅದೇ ಊನವನ್ನು ಹೊತ್ತು ಬರುತ್ತವೆ. ಅದನ್ನೇ ನೋಡಿ ಅಕ್ಷರ ಕಲಿಯುವ ಮಗುವಿಗೆ ಆ ಊನವೇ ಅಕ್ಷರ. ಒಂದು ಗಂಟನ್ನು ಆರಿಸಿ ಅಳಿಸುವ ಮೊದಲು ಒಂದು ಗಳಿಗೆ ನಿಂತು ನೋಡುವುದು ಅದಕ್ಕಾಗಿಯೇ ಅಗತ್ಯ.