ಬೋರ್ಡು ಕನ್ನಡವಾಯಿತು, ನೋಟೀಸು ಯಾವಾಗ?

(ಯುವಜನರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಭಾಷಣಕಾರರ ಕರಪತ್ರ ಅಚ್ಚು ಹಾಕುವವನು. ಓದಿದ್ದು ಪಿ.ಯು.ಸಿ. ತನಕ. ಆಮೇಲೆ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು ಇನ್ನೂ ಎದ್ದಿಲ್ಲ. ಮೊಳೆ ಜೋಡಿಸಿದ್ದೇನೆ, ಟ್ರೆಡಲ್ ತುಳಿದಿದ್ದೇನೆ, ಈಗ ಆಫ್‌ಸೆಟ್ ಓಡಿಸುತ್ತಿದ್ದೇನೆ. ನವೆಂಬರ್ ಬಂತೆಂದರೆ ನಿಮ್ಮಂಥ ಹುಡುಗರು ಪೋಸ್ಟರಿಗಾಗಿ ನನ್ನ ಬಾಗಿಲಿಗೇ ಬರುತ್ತೀರಿ. ಯಾರು ಎಷ್ಟು ಬಾಕಿ ಉಳಿಸಿದ್ದೀರಿ ಅಂತ ಇಲ್ಲಿ ಹೇಳುವುದಿಲ್ಲ, ಹೆದರಬೇಡಿ.

ನಾನು ಇವತ್ತು ಹೇಳಲು ಬಂದಿರುವುದು ಹೊಟ್ಟೆಪಾಡಿನ ಕನ್ನಡದ ಬಗ್ಗೆ. ಸಾಹಿತ್ಯದ ಕನ್ನಡ ಹೇಳಲು ದೊಡ್ಡವರಿದ್ದಾರೆ. ಅಂಗಡಿ ಬಾಗಿಲಿಗೆ ಅಂಟಿಸುವ ಕಾಗದದ ಕನ್ನಡ ಹೇಳಲು ಪೆಟ್ಟು ತಿಂದವನೇ ಬೇಕು.

ಶೋ ಕಾಸ್ ಅಂದರೆ ಕಾಸು ತೋರಿಸು!

ಕೆಲವು ವರ್ಷಗಳ ಹಿಂದೆ ನನ್ನ ಪ್ರೆಸ್ಸಿಗೆ ಒಂದು ನೋಟೀಸು ಬಂತು. ಯಾವ ಊರು, ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಳಿದರೆ ಒಬ್ಬ ಅಧಿಕಾರಿಯ ಮೇಲೆ ನಿಮ್ಮ ಸಿಟ್ಟು ತೀರುತ್ತದೆ, ಪದ್ಧತಿ ಮಾತ್ರ ಹಾಗೇ ಉಳಿಯುತ್ತದೆ.

ನೋಟೀಸು ಪೂರ್ತಿ ಇಂಗ್ಲಿಷಿನಲ್ಲಿತ್ತು. ಒಂದೂವರೆ ಪುಟ. ಟ್ರೇಡ್ ಲೈಸೆನ್ಸ್ ಅನ್ನುವ ಮಾತು ಗೊತ್ತಾಯಿತು. ರೆಸಿಡೆನ್ಷಿಯಲ್ ಅನ್ನುವುದೂ ಗೊತ್ತಾಯಿತು. ನಡುವೆ 'ಶೋ ಕಾಸ್' ಅಂತ ಇತ್ತು. ಕಾಸು ತೋರಿಸು ಅಂತ ಇರಬೇಕು ಅಂದುಕೊಂಡೆ. ನಗಬೇಡಿ. ಕಚೇರಿಗಳ ಬಾಗಿಲಲ್ಲಿ ನಿಂತು ನಿಂತು ನಮ್ಮಂಥವರಿಗೆ ಬಂದಿರುವ ಇಂಗ್ಲಿಷು ಅಷ್ಟೇ. ಆ ವರ್ಷದ ಶುಲ್ಕ ಕಟ್ಟಿದ್ದೆ, ರಸೀದಿಯೂ ಇತ್ತು. ಹಾಗಾಗಿ ನೋಟೀಸನ್ನು ರಸೀದಿಯ ಜೊತೆಗೇ ಪಿನ್ನು ಹೊಡೆದು ಡ್ರಾಯರಿಗೆ ಹಾಕಿದೆ.

ಅದು ಕಾರಣ ಕೇಳುವ ನೋಟೀಸು. 'ನಿಮ್ಮ ಜಾಗ ವಸತಿ ವಲಯದಲ್ಲಿದೆ, ಲೈಸೆನ್ಸು ಯಾಕೆ ರದ್ದು ಮಾಡಬಾರದು, ಏಳು ದಿನದಲ್ಲಿ ಉತ್ತರ ಕೊಡಿ' ಅಂತ ಅದರ ಅರ್ಥ. ನಾನು ಉತ್ತರ ಕೊಡಲಿಲ್ಲ. ಹತ್ತನೇ ದಿನ ಬಂದು ಬೀಗ ಹಾಕಿದರು. ಉತ್ತರ ಕೊಡದ್ದರಿಂದ ಆಕ್ಷೇಪಣೆ ಇಲ್ಲವೆಂದು ತಿಳಿಯಲಾಗಿದೆ ಅಂತ ಮತ್ತೊಂದು ಕಾಗದ ಅಂಟಿಸಿದರು. ಅದೂ ಇಂಗ್ಲಿಷಿನಲ್ಲೇ!

ಮದುವೆ ಕಾಲ. ಒಳಗೆ ಹದಿನಾಲ್ಕು ಲಗ್ನಪತ್ರಿಕೆಯ ಕೆಲಸ ಅರ್ಧಂಬರ್ಧ ನಿಂತಿತ್ತು. ಹೆಣ್ಣಿನ ಅಪ್ಪಂದಿರು ಬಂದು ಬೀಗ ನೋಡಿ, ನನ್ನ ಮುಖ ನೋಡಿ, ಅಡ್ವಾನ್ಸ್ ವಾಪಸ್ ಕೇಳಿದರು. ಬೀಗ ತೆಗೆಯುವಷ್ಟರಲ್ಲಿ ಇಪ್ಪತ್ತಮೂರು ದಿನ ಆಗಿತ್ತು. ಅಪ್ಪನ ಕಾಲದಿಂದ ನಮ್ಮಲ್ಲಿ ಬೈಂಡಿಂಗ್ ಮಾಡುತ್ತಿದ್ದ ಯಜಮಾನರೊಬ್ಬರು ಅಷ್ಟು ದಿನ ಕಾಯಲಾರದೆ ಒಂದು ಅಪಾರ್ಟ್‌ಮೆಂಟಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋದರು. ಮತ್ತೆ ಬರಲಿಲ್ಲ. 'ವಯಸ್ಸಾಯ್ತಪ್ಪ, ಅಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತೆ' ಅಂದರು. ಆ ಮನುಷ್ಯನ ಕೈಯ ಹೊಲಿಗೆ ಇವತ್ತಿಗೂ ನನ್ನ ಲೆಕ್ಕದ ಪುಸ್ತಕಗಳಲ್ಲಿ ಗಟ್ಟಿಯಾಗಿದೆ.

ಬಣ್ಣದ ಲೆಕ್ಕ

ಒಬ್ಬ ದಲ್ಲಾಳಿ ಬಂದ. ಮೊತ್ತ ಹೇಳಿದ. ಕೊಡುವ ಮನಸ್ಸೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ನಮ್ಮ ಪ್ರೂಫ್ ನೋಡುವವರ ಮಗ, ಕಾನೂನು ಓದುತ್ತಿದ್ದ ಹುಡುಗ, ನೋಟೀಸು ಓದಿ ಕೇಳಿದ: 'ಅಣ್ಣ, ಇವರು ಯಾವ ನಕ್ಷೆ ನೋಡಿ ಇದು ವಸತಿ ವಲಯ ಅಂದರು?'

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಬೈಯಬೇಕು ಅಂತ ಹೊಳೆದಿತ್ತು, ಅಳಬೇಕು ಅಂತ ಹೊಳೆದಿತ್ತು. ನಕ್ಷೆ ಕೇಳಬೇಕು ಅಂತ ಹೊಳೆದಿರಲಿಲ್ಲ.

ಅವನು ಕನ್ನಡದಲ್ಲಿ ಎರಡು ಅರ್ಜಿ ಬರೆದ. ಒಂದು, ನೋಟೀಸನ್ನು ಕನ್ನಡದಲ್ಲಿ ಕೊಡಿ, ಉತ್ತರಕ್ಕೆ ಹೊಸದಾಗಿ ಸಮಯ ಕೊಡಿ ಅಂತ. ಇನ್ನೊಂದು, ನನ್ನ ಜಾಗದ ವಲಯ ತೋರಿಸುವ ಮಹಾಯೋಜನೆಯ ನಕ್ಷೆ ಕೊಡಿ ಅಂತ, ಮಾಹಿತಿ ಹಕ್ಕಿನಲ್ಲಿ.

ನಕ್ಷೆ ಬಂತು. ಮಹಾಯೋಜನೆಯ ನಕ್ಷೆಯಲ್ಲಿ ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ. ಬಣ್ಣದ ವಿಷಯ ಪ್ರೆಸ್ಸಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಸಾಲು ನೀಲಿ! ಹಿಂದಿನ ಓಣಿ ಹಳದಿ. ಮನೆ ನಂಬರು ಬದಲಾದಾಗ ನನ್ನ ಹಳೇ ನಂಬರು ಹಿಂದಿನ ಓಣಿಯ ಮನೆಗೆ ಹೋಗಿತ್ತು. ಅಧಿಕಾರಿ ಅದನ್ನೇ ಹಿಡಿದು ನನಗೆ ಬೀಗ ಜಡಿದಿದ್ದರು. ಇದನ್ನು ಬರೆದುಕೊಟ್ಟ ಮೇಲೆ ಮೇಲಧಿಕಾರಿ ಸ್ಥಳಕ್ಕೆ ಬಂದು ನೋಡಿದರು, ಬೀಗ ತೆಗೆಸಿದರು. ಒಂದು ನಂಬರಿನ ತಪ್ಪು. ನೋಟೀಸು ನನಗೆ ಅರ್ಥವಾಗಿದ್ದರೆ ಮೊದಲ ದಿನವೇ ಹೋಗಿ ತೋರಿಸಿ ಬರುತ್ತಿದ್ದೆ. ಬೈಂಡಿಂಗ್ ಯಜಮಾನರು ಇವತ್ತಿಗೂ ನನ್ನ ಜೊತೆ ಇರುತ್ತಿದ್ದರು.

ನನ್ನ ತಪ್ಪೂ ಇತ್ತು

ಬರೀ ಅವರ ತಪ್ಪು ಹೇಳಿ ಚಪ್ಪಾಳೆ ಗಿಟ್ಟಿಸಿದರೆ ನಾನೂ ರಾಜಕಾರಣಿಯೇ ಆಗುತ್ತೇನೆ. ಆದ್ದರಿಂದ ಇದನ್ನೂ ಕೇಳಿ. ನನ್ನ ಹಳೇ ಲೈಸೆನ್ಸಿನಲ್ಲಿ ಟ್ರೆಡಲಿನ ಸಣ್ಣ ಮೋಟಾರು ಮಾತ್ರ ನಮೂದಾಗಿತ್ತು. ಆಫ್‌ಸೆಟ್ ತಂದಾಗ ಹೆಚ್ಚಿನ ಅಶ್ವಶಕ್ತಿಯ ಮೋಟಾರು ಕೂರಿಸಿದ್ದೆ, ಬರೆಸಿರಲಿಲ್ಲ. ಆಮೇಲೆ ಬರೆಸಿದೆ, ವ್ಯತ್ಯಾಸದ ಹಣ ಕಟ್ಟಿದೆ. ಪಕ್ಕದ ಮನೆಯ ಅಜ್ಜಿ, ರಾತ್ರಿ ಹನ್ನೊಂದರ ತನಕ ಮಷೀನು ಓಡಿಸ್ತೀಯ, ಗೋಡೆ ನಡುಗುತ್ತೆ ಅಂತ ಎಷ್ಟೋ ಸಲ ಹೇಳಿದ್ದರು. ಚುನಾವಣೆ ಕೆಲಸ, ಜಾತ್ರೆ ಕೆಲಸ ಅಂತ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಮಷೀನು ಆ ಗೋಡೆಯಿಂದ ದೂರ ಇದೆ. ರಾತ್ರಿ ಎಂಟೂವರೆಗೆ ನಿಲ್ಲುತ್ತದೆ.

ವಲಯದ ನಿಯಮ ಬೇಡ ಅಂತ ನಾನು ಹೇಳುತ್ತಿಲ್ಲ. ಅಜ್ಜಿಗೆ ನಿದ್ದೆ ಬೇಕು, ನನಗೆ ಕೆಲಸ ಬೇಕು. ಇಬ್ಬರ ನಡುವೆ ಗೆರೆ ಎಳೆಯುವುದೇ ನಿಯಮದ ಕೆಲಸ. ಆ ಗೆರೆ ಎಲ್ಲಿದೆ ಅಂತ ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ಹೇಳಿ ಅನ್ನುವುದಷ್ಟೇ ನನ್ನ ಕೇಳಿಕೆ.

ಕಾನೂನು ನಮ್ಮ ಕಡೆಗಿದೆ, ನಾವೇ ಓದಿಲ್ಲ

ರಾಜ್ಯದ ಆಡಳಿತ ಭಾಷೆ ಕನ್ನಡ ಅನ್ನುವ ಕಾಯ್ದೆ 1963ರಲ್ಲೇ ಬಂತು. ಅದು ನಿಮಗೆ ಗೊತ್ತು. ಸ್ಥಳೀಯ ಸಂಸ್ಥೆಗಳಿಗೇ ಬೇರೆ ಒಂದು ಕಾಯ್ದೆ ಬಂದಿತ್ತು, ಗೊತ್ತೇ? 1981ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ರಾಜಭಾಷಾ ಕಾಯ್ದೆ. ಪಾಲಿಕೆಯ ಆಡಳಿತ ಭಾಷೆಯೂ ಕನ್ನಡವೇ ಅಂತ ಅದು ಆಗಲೇ ಹೇಳಿತ್ತು. ನನ್ನ ಅಪ್ಪ ಮೊಳೆ ಜೋಡಿಸುತ್ತಿದ್ದ ಕಾಲದ ಕಾಯ್ದೆ! ಕನ್ನಡದಲ್ಲಿ ನೋಟೀಸು ಕೊಡಿ ಅಂತ ಕೇಳುವುದು ಬೇಡಿಕೆಯಲ್ಲ, ಬಾಕಿ ವಸೂಲಿ.

ಇನ್ನೊಂದು ಕಡೆ ನೋಡಿ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂತು. ಅದಕ್ಕಾಗಿ 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ಹೋರಾಟ ಆಯಿತು. ಹುಡುಗರು ಜೈಲಿಗೂ ಹೋದರು. ನಾನು ಅದನ್ನು ಹಗುರವಾಗಿ ಹೇಳಲಾರೆ. ಆದರೆ ಒಂದು ಮಾತು ಕೇಳುತ್ತೇನೆ. ಬೋರ್ಡು ಅಂಗಡಿಯವನು ಊರಿಗೆ ಬರೆಯುವ ಕಾಗದ. ನೋಟೀಸು ಸರ್ಕಾರ ಅಂಗಡಿಯವನಿಗೆ ಬರೆಯುವ ಕಾಗದ. ಅಂಗಡಿಯವನ ಕನ್ನಡವನ್ನು ನಾವು ಟೇಪು ಹಿಡಿದು ಅಳೆದೆವು. ಸರ್ಕಾರದ ಕನ್ನಡವನ್ನು ಯಾರು ಅಳೆದರು?

ಅಪೀಲು ಕೇಳುವವರು ಯಾರು?

ಲೈಸೆನ್ಸು ಕೊಡುವುದು ಪಾಲಿಕೆಯ ಆರೋಗ್ಯ ವಿಭಾಗ. ಅಚ್ಚುಕೂಟಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಹೊಗೆ, ವಾಸನೆ, ಸದ್ದು, ಬೆಂಕಿಯ ಭಯ ಇರುವ ಕಸುಬುಗಳಿಂದ ನೆರೆಹೊರೆಯವರನ್ನು ಕಾಪಾಡಲು ಹುಟ್ಟಿದ ಪದ್ಧತಿ ಇದು. ನೀಲಿ, ಹಳದಿ ಬಣ್ಣ ಬಳಿಯುವವರು ಬೇರೆ. ಅವರು ಯೋಜನಾ ಪ್ರಾಧಿಕಾರ. ಬೆಂಗಳೂರಿನಲ್ಲಿ ಬಿ.ಡಿ.ಎ. ಮಾಡಿದ, 2007ರಲ್ಲಿ ಒಪ್ಪಿಗೆಯಾದ 2015ರ ಪರಿಷ್ಕೃತ ಮಹಾಯೋಜನೆ ಇದೆ. 2031ಕ್ಕೆಂದು 2017ರಲ್ಲಿ ಹೊರಬಂದ ಕರಡು ಅಂತಿಮವಾಗಲೇ ಇಲ್ಲ. ಹೆಸರಿನಲ್ಲೇ 2015 ಇರುವ ಯೋಜನೆ ಆ ವರ್ಷ ಕಳೆದ ಎಷ್ಟೋ ಕಾಲದ ಮೇಲೂ ಅಂಗಡಿಗಳ ಹಣೆಬರಹ ಬರೆಯುತ್ತಲೇ ಬಂತು.

74ನೇ ಸಂವಿಧಾನ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿ ಇದೆ. ಅದರಲ್ಲಿ ಮೊದಲನೆಯದೇ ನಗರ ಯೋಜನೆ! ಮತ ಹಾಕಿಸಿಕೊಂಡವರ ಕೈಗೆ ಆ ಬಣ್ಣದ ಕುಂಚ ಸರಿಯಾಗಿ ಬರಲೇ ಇಲ್ಲ.

ಬಿ.ಬಿ.ಎಂ.ಪಿ.ಯಲ್ಲಿ ಕೌನ್ಸಿಲ್ ಇದ್ದ ಕಾಲಕ್ಕೆ ಅಪೀಲುಗಳ ಸ್ಥಾಯಿ ಸಮಿತಿ ಅಂತ ಒಂದಿತ್ತು. 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲಿನ ಅವಧಿ ಮುಗಿಯಿತು. ಸದಸ್ಯರೂ ಹೋದರು, ಸಮಿತಿಯೂ ಹೋಯಿತು. ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಬಂತು, ಒಂದು ಪಾಲಿಕೆ ಐದಾಯಿತು. ಕಚೇರಿ ಐದಾದರೆ ಸಾಲದು. ತಪ್ಪು ಮಾಡಿದ ಅಧಿಕಾರಿಯ ಮೇಲಿನ ದೂರನ್ನು ಅದೇ ಕಚೇರಿಯ ಮೇಲಿನ ಮಹಡಿಯಲ್ಲಿ ಕೂತವರೇ ಕೇಳುವುದು ಒಂದು ಬಗೆ. ನಿಮ್ಮ ಬೀದಿಯಲ್ಲಿ ಮತ ಕೇಳಿ ಗೆದ್ದವನ ಎದುರು ನಿಂತು ಹೇಳುವುದು ಇನ್ನೊಂದು ಬಗೆ. ಎರಡನೆಯವನಿಗೆ ನಿಮ್ಮ ಓಣಿಯೂ ಗೊತ್ತು, ನಿಮ್ಮ ಭಾಷೆಯೂ ಗೊತ್ತು, ಮುಂದಿನ ಚುನಾವಣೆಯೂ ಗೊತ್ತು.

ನೀವು ಮಾಡಬೇಕಾದ ಐದು ಕೆಲಸ

ಘೋಷಣೆ ನಾನು ಅಚ್ಚು ಹಾಕಿಕೊಡುತ್ತೇನೆ. ಕೆಲಸ ನೀವು ಮಾಡಬೇಕು.

ಒಂದು. ನಿಮ್ಮ ಬೀದಿಯ ದರ್ಜಿ, ಸಲೂನು, ಹೂವಿನಂಗಡಿ, ಹಿಟ್ಟಿನ ಗಿರಣಿ, ಎಲ್ಲರ ಹತ್ತಿರ ಹೋಗಿ. ಅವರ ಲೈಸೆನ್ಸು ಓದಿ ನೋಡಿ. ಅವಧಿ, ವಿಳಾಸ, ಕಸುಬು, ಮೋಟಾರು ಸರಿಯಾಗಿದೆಯೇ ನೋಡಿ. ಲೈಸೆನ್ಸಿನ ವರ್ಷ ಏಪ್ರಿಲಿನಿಂದ ಮಾರ್ಚಿಗೆ. ಮಾರ್ಚ್ ಕೊನೆಯ ವಾರ ದಲ್ಲಾಳಿಗಳ ಹಬ್ಬ. ಆ ಹಬ್ಬ ತಪ್ಪಿಸಿ.

ಎರಡು. ಅರ್ಜಿ ಹಾಕಿದರೆ ಸಕಾಲದ ಹದಿನೈದು ಅಂಕಿಯ ನಂಬರು ಪಡೆಯಿರಿ. ಸಕಾಲ ಕಾಯ್ದೆ 2011ರದ್ದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ತನಕ ಪರಿಹಾರ ಇದೆ. 20 ರೂಪಾಯಿ ದೊಡ್ಡದಲ್ಲ. ಯಾರ ಮೇಜಿನ ಮೇಲೆ ಕಡತ ಮಲಗಿತ್ತು ಅನ್ನುವುದು ದಾಖಲೆಯಾಗುತ್ತದೆ, ಅದು ದೊಡ್ಡದು.

ಮೂರು. ಇಂಗ್ಲಿಷ್ ನೋಟೀಸು ಬಂದರೆ ಸುಮ್ಮನೆ ಕೂರಬೇಡಿ, ಹರಿಯಲೂ ಬೇಡಿ. ಕನ್ನಡದ ಪ್ರತಿ ಕೇಳಿ. ಅದರ ಜೊತೆಗೇ ಗಡುವಿನೊಳಗೆ ಉತ್ತರವನ್ನೂ ಕೊಡಿ. ಗಡುವು ತಪ್ಪಿದ್ದೇ ನನ್ನನ್ನು ಮುಳುಗಿಸಿದ್ದು.

ನಾಲ್ಕು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕನ್ನಡದಲ್ಲಿ 150 ಪದ ಧಾರಾಳ ಸಾಕು. ನಿಮ್ಮ ಬೀದಿಯ ಬಣ್ಣ ಯಾವುದು ಅಂತ ಬೀಗ ಬೀಳುವ ಮೊದಲೇ ಕೇಳಿಟ್ಟುಕೊಳ್ಳಿ.

ಐದು. ತಳ್ಳುಗಾಡಿಯವರನ್ನು ಮರೆಯಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಎಬ್ಬಿಸುವ ಮೊದಲು 30 ದಿನದ ನೋಟೀಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಯಾವಾಗ ನಡೆಯಿತು, ಕೇಳಿ ನೋಡಿ.

ಹೊಸ ಮಹಾಯೋಜನೆಯ ಕರಡು ಬಂದಾಗ ಆಕ್ಷೇಪಣೆಗೆ ಜನರಿಗೆ 60 ದಿನ ಇರುತ್ತದೆ. ಆಗ ಕನ್ನಡದ ಹುಡುಗರು ಬೀದಿ ಬೀದಿಗೆ ಮೇಜು ಹಾಕಿ ಕೂತು ನಕ್ಷೆ ಓದಿ ಹೇಳಿದರೆ, ಅದಕ್ಕಿಂತ ದೊಡ್ಡ ಕನ್ನಡ ಚಳವಳಿ ನನಗೆ ಕಾಣುವುದಿಲ್ಲ.

ಇಂಗ್ಲಿಷ್ ಓದಲು ಬರುವ ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ, ಹೆಮ್ಮೆ ಇದೆ. ಆ ಇಂಗ್ಲಿಷನ್ನು ಒಂದು ಸಂಜೆ ನಿಮ್ಮ ಬೀದಿಯ ಅಂಗಡಿಯವನಿಗೆ ಸಾಲ ಕೊಡಿ. ಅವನಿಗೆ ಬಂದ ಕಾಗದ ಓದಿ ಕನ್ನಡದಲ್ಲಿ ಹೇಳಿ. ನನಗೆ ಒಬ್ಬ ಹುಡುಗ ಹಾಗೆ ಓದಿ ಹೇಳಿದ, ನನ್ನ ಪ್ರೆಸ್ಸು ಉಳಿಯಿತು. ಹತ್ತು ದಿನ ಮೊದಲು ಓದಿದ್ದರೆ ಬೈಂಡಿಂಗ್ ಯಜಮಾನರೂ ಉಳಿಯುತ್ತಿದ್ದರು.

ಕನ್ನಡದಲ್ಲಿ ನೋಟೀಸು ಕೇಳುವ ಅರ್ಜಿಯ ನಮೂನೆಯನ್ನು ಅಚ್ಚು ಹಾಕಿ ಒಂದು ಕಟ್ಟು ತಂದಿದ್ದೇನೆ. ಬಾಗಿಲ ಹತ್ತಿರ ಇಟ್ಟಿದ್ದೇನೆ, ತೆಗೆದುಕೊಂಡು ಹೋಗಿ. ಇದಕ್ಕೆ ಬಾಕಿ ಬರೆಯುವುದಿಲ್ಲ.