ಹಳೆಯ ಕಾರು, ಮರೆಯಲ್ಲಿ ಹಾಡು

ಹಳೆಯ ಕಾರುಗಳ ಮೆರವಣಿಗೆಗೆ ಹೋದವರು ಸಾಮಾನ್ಯವಾಗಿ ನೋಡುವುದು ಹೊಳೆಯುವ ಕ್ರೋಮ್, ದುಂಡನೆಯ ಮಡ್‌ಗಾರ್ಡ್, ಬಾನೆಟ್ಟಿನ ಕೆಳಗಿನ ಎಂಜಿನ್. ಮುಂದಿನ ಸಲ ಹೋದಾಗ ಕಿಟಕಿಯಲ್ಲಿ ಬಗ್ಗಿ ಡ್ಯಾಶ್‌ಬೋರ್ಡನ್ನೂ ಒಮ್ಮೆ ನೋಡಿ. ಐವತ್ತು, ಅರವತ್ತರ ದಶಕಗಳ ಎಷ್ಟೋ ಕಾರುಗಳಲ್ಲಿ ಅಲ್ಲೊಂದು ಆಯತಾಕಾರದ ಕಿಂಡಿ ಕಾಣುತ್ತದೆ. ಅಗಲ ಸುಮಾರು 180 ಮಿಲಿಮೀಟರ್, ಎತ್ತರ 50 ಮಿಲಿಮೀಟರ್. ಅದು ಕಾರ್ಖಾನೆಯಲ್ಲಿ ಆದ ಕಿಂಡಿಯಲ್ಲ. ಮುಂದೆ ಎಂದೋ ಕ್ಯಾಸೆಟ್ ಪ್ಲೇಯರ್ ಕೂರಿಸಲೆಂದು ಯಾರೋ ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿ ಮಾಡಿದ್ದು. ಆ ಪ್ಲೇಯರ್ ಕೆಲವು ವರ್ಷ ಹಾಡಿ, ಟೇಪು ನುಂಗಿ, ಗುಜರಿ ಸೇರಿತು. ಕಿಂಡಿ ಮಾತ್ರ ಉಳಿಯಿತು.

ಈ ಅಳತೆಯ ಮೂಲ ಜರ್ಮನಿಯದು. ಅಲ್ಲಿನ ಕೈಗಾರಿಕಾ ಮಾನಕ ಸಂಸ್ಥೆ ಕಾರ್ ರೇಡಿಯೋಗಳಿಗೆ ಗೊತ್ತುಮಾಡಿದ ಗಾತ್ರವನ್ನೇ ಮುಂದೆ ಜಗತ್ತೆಲ್ಲ ಒಪ್ಪಿಕೊಂಡಿತು. ಅದಕ್ಕೂ ಮೊದಲು ಕಾರಿಗೊಂದು ಅಳತೆ. ಎಡಕ್ಕೊಂದು ಗುಂಡಿ, ಬಲಕ್ಕೊಂದು ಗುಂಡಿ, ನಡುವೆ ಅಂಕಿಗಳ ಪಟ್ಟಿ, ಇದು ಅಂದಿನ ರೇಡಿಯೋದ ಮುಖ. ಹೊಸ ಪೆಟ್ಟಿಗೆ ಆ ಮುಖಕ್ಕೆ ಹೊಂದಲಿಲ್ಲ. ಪೆಟ್ಟಿಗೆಯನ್ನು ಬದಲಿಸುವಂತಿಲ್ಲವಲ್ಲ, ಆದ್ದರಿಂದ ಕಾರನ್ನೇ ಕತ್ತರಿಸಲಾಯಿತು. ಇದು ಲಂಡನ್ನಿನಲ್ಲೂ ನಡೆಯಿತು, ಕ್ಯಾಲಿಫೋರ್ನಿಯಾದಲ್ಲೂ ನಡೆಯಿತು. ನಮ್ಮಲ್ಲಿ ಅಂಬಾಸಿಡರ್, ಫಿಯಟ್ ಕಾರುಗಳಿಗೂ ಅದೇ ಗತಿ. ಬೆಂಗಳೂರಿನವರು ಇಂಥ ಕೆಲಸಕ್ಕೆ ಹೋಗುತ್ತಿದ್ದುದು ಜೆ.ಸಿ. ರಸ್ತೆಗೆ. ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಯಲ್ಲಿ ಎರಡು ಮೊಟ್ಟೆಯಾಕಾರದ ತೂತು ತೆಗೆದು ಆರು-ಒಂಬತ್ತು ಇಂಚಿನ ಸ್ಪೀಕರ್ ಕೂರಿಸಿದರೆ ಆ ಕಾಲಕ್ಕೆ ಅದೇ ವೈಭವ. ಹಾಗೆ ಮಾಡಿದವರನ್ನು ಈಗ ಬಯ್ಯುವುದರಲ್ಲಿ ಅರ್ಥವಿಲ್ಲ. ಅಂದು ಅದು ಹಳೆಯ ಕಾರು ಅಷ್ಟೆ. ಪರಂಪರೆ ಎಂಬ ಪಟ್ಟ ಇನ್ನೂ ದೊರೆತಿರಲಿಲ್ಲ.

ಇಂದು ದೊರೆತಿದೆ. ಆದ್ದರಿಂದಲೇ ಪ್ರಶ್ನೆ ಎದ್ದಿರುವುದು: ಅರವತ್ತು ವರ್ಷದ ಕಾರಿನೊಳಗೆ ಇಂದಿನ ಸಂಗೀತ ವ್ಯವಸ್ಥೆ ಇರಬಹುದೇ? ಕಟ್ಟಾ ಸಂಪ್ರದಾಯಸ್ಥರ ಪ್ರಕಾರ ಕೂಡದು. ಕಾರ್ಖಾನೆ ಕೊಟ್ಟ ರೇಡಿಯೋ ಇರಲಿ, ಇಲ್ಲವೇ ಮೌನವಿರಲಿ ಎನ್ನುತ್ತಾರೆ. ಕಾರನ್ನು ನಿಜಕ್ಕೂ ರಸ್ತೆಗೆ ಇಳಿಸುವವರ ವಾದ ಬೇರೆ. ಬೆಂಗಳೂರಿನಿಂದ ಚಿಕ್ಕಮಗಳೂರಿನವರೆಗೆ ಗೇರ್‌ಬಾಕ್ಸಿನ ಸದ್ದನ್ನೇ ಕೇಳುತ್ತ ಹೋಗುವುದು ಎಲ್ಲರಿಗೂ ಆಗುವ ತಪಸ್ಸಲ್ಲ. ಎರಡು ವಾದಗಳಲ್ಲೂ ಹುರುಳಿದೆ. ಆದರೆ ತಪ್ಪು ಹಾಡಿನದಲ್ಲ, ಗರಗಸದ್ದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಜಗಳ ಬಹುಪಾಲು ಕರಗುತ್ತದೆ.

ಇತಿಹಾಸವೂ ಇದಕ್ಕೆ ಸಾಕ್ಷಿ ಹೇಳುತ್ತದೆ. 1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೋ ಅಳವಡಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಆ ರೇಡಿಯೋಗೆ ಅವನಿಟ್ಟ ಹೆಸರು ಮೋಟೊರೋಲಾ. ಮುಂದೆ ಕಂಪನಿಗೂ ಅದೇ ಹೆಸರಾಯಿತು. ಯುರೋಪಿನ ಮೊದಲ ಕಾರ್ ರೇಡಿಯೋ ಎನಿಸಿದ ಬ್ಲಾಪುಂಕ್ಟ್ ಕಂಪನಿಯ 'ಎಎಸ್ 5' ಬಂದದ್ದು 1932ರಲ್ಲಿ. ಸುಮಾರು 15 ಕಿಲೋ ತೂಕದ ಪೆಟ್ಟಿಗೆ ಅದು. ಡ್ಯಾಶ್‌ಬೋರ್ಡಿನಲ್ಲಿ ಹಿಡಿಸುವ ಮಾತೇ ಇಲ್ಲ. ಹಾಗಾಗಿ ಪೆಟ್ಟಿಗೆಯನ್ನು ಕಣ್ಣಿಗೆ ಬೀಳದ ಕಡೆ ಇಟ್ಟು, ಚಾಲಕನ ಕೈಗೆ ಸಿಗುವಂತೆ ಸ್ಟೀರಿಂಗ್ ಕಂಬದ ಮೇಲೆ ಒಂದು ಪುಟ್ಟ ನಿಯಂತ್ರಕ ಕೂರಿಸಿದರು. ಅಂದರೆ, ಯಂತ್ರ ಒಂದು ಕಡೆ, ಗುಂಡಿ ಇನ್ನೊಂದು ಕಡೆ. ಈಗಿನ ಮರೆಯ ಸಂಗೀತ ವ್ಯವಸ್ಥೆಯ ಮೂಲತತ್ವವೂ ಇದೇ. ಅಡಗಿಸಿಡುವುದು ಹೊಸ ಚಾಳಿಯೇನಲ್ಲ, ಕಾರ್ ರೇಡಿಯೋ ಹುಟ್ಟಿದ್ದೇ ಅಡಗಿಕೊಂಡು.

ಆ ಕಾಲದ ರೇಡಿಯೋಗಳು ವಾಲ್ವ್‌ಗಳದು. ಕಾರಿನ ಬ್ಯಾಟರಿ ಕೊಡುವುದು 6 ವೋಲ್ಟ್. ವಾಲ್ವ್‌ಗೆ ಬೇಕಾದದ್ದು ನೂರಾರು ವೋಲ್ಟ್. ಇದಕ್ಕಾಗಿ ವೈಬ್ರೇಟರ್ ಎಂಬ ಪುಟ್ಟ ಡಬ್ಬಿಯೊಳಗೆ ಲೋಹದ ನಾಲಗೆಯೊಂದು ಸೆಕೆಂಡಿಗೆ ನೂರಾರು ಸಲ ಬಡಿದುಕೊಂಡು ವಿದ್ಯುತ್ತನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರ್‌ಗೆ ಉಣಿಸುತ್ತಿತ್ತು. ಸ್ವಿಚ್ ಹಾಕಿದರೆ ಮೊದಲು ಗುಂಯ್ ಎಂಬ ನಾದ, ವಾಲ್ವ್ ಕಾದ ಮೇಲೆ ಹಾಡು. ಟ್ರಾನ್ಸಿಸ್ಟರ್ ಬಂದು ಈ ಗೋಳು ತಪ್ಪಿತು. ಕ್ರೈಸ್ಲರ್ ಕಂಪನಿ ಪೂರ್ತಿ ಟ್ರಾನ್ಸಿಸ್ಟರಿನ ರೇಡಿಯೋವನ್ನು 1955ರಲ್ಲಿ ಪ್ರಕಟಿಸಿತು. ಅದೇ ಕಂಪನಿ 1956ರ ಮಾದರಿಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಗ್ರಾಮಫೋನನ್ನೇ ಇಟ್ಟ ಕಥೆ ಇನ್ನೂ ಸ್ವಾರಸ್ಯದ್ದು. ನಿಮಿಷಕ್ಕೆ ಹದಿನಾರು ಪೂರ್ಣ ಮೂರನೇ ಎರಡರಷ್ಟು ಸುತ್ತು ಮಾತ್ರ ತಿರುಗುವ ಏಳಿಂಚಿನ ತಟ್ಟೆಗಳು. ಅವನ್ನು ರೂಪಿಸಿದವರು ಸಿಬಿಎಸ್ ಪ್ರಯೋಗಾಲಯದ ಪೀಟರ್ ಗೋಲ್ಡ್‌ಮಾರ್ಕ್. ರಸ್ತೆಯ ಹಳ್ಳಗಳ ಮುಂದೆ ಮುಳ್ಳಿನ ಆಟ ನಡೆಯಲಿಲ್ಲ. ಆ ತಟ್ಟೆಗಳು ಬೇರೆಲ್ಲೂ ಉಪಯೋಗಕ್ಕೆ ಬರುತ್ತಲೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಯೋಜನೆ ಮುಚ್ಚಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿದ ಪುಟ್ಟ ಕ್ಯಾಸೆಟ್ಟೇ ಕೊನೆಗೆ ಕಾರುಗಳನ್ನು ಗೆದ್ದದ್ದು. ಗರಗಸದ ಕಾಲ ಬಂದದ್ದೂ ಅದರ ಬೆನ್ನಿಗೇ.

ಹಳೆಯ ರೇಡಿಯೋವನ್ನೇ ರಿಪೇರಿ ಮಾಡಿಸಿ ಬಳಸಬಾರದೇ ಎಂದು ಕೇಳುವವರಿದ್ದಾರೆ. ಬಳಸಬಹುದು, ಆದರೆ ಅದು ಹಿಡಿಯುವುದು ಹೆಚ್ಚಾಗಿ ಮಧ್ಯಮ ತರಂಗವನ್ನು ಮಾತ್ರ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 'ಆಕಾಶವಾಣಿ' ಎಂಬ ಹೆಸರಿನಲ್ಲಿ ಪ್ರಸಾರ ಆರಂಭಿಸಿದ ಮೇಲೆ ದಶಕಗಳ ಕಾಲ ಕನ್ನಡಿಗರ ಕಿವಿ ಇದ್ದದ್ದು ಅಂಥ ತರಂಗಗಳಲ್ಲೇ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲಿ ಶುರುವಾದ ಮೇಲೆ ನಗರದ ಹಾಡೆಲ್ಲ ಎಫ್‌ಎಂಗೆ ಹೋಯಿತು. ಆಮೇಲೆ ಮೊಬೈಲಿಗೆ ಬಂತು. ಹಳೆಯ ಪೆಟ್ಟಿಗೆಗೆ ಇವೆರಡೂ ಕೇಳಿಸುವುದಿಲ್ಲ.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಹಳೆಯ ರೇಡಿಯೋದ ಮುಖ, ಗುಂಡಿ, ಅಂಕಿಪಟ್ಟಿ ಎಲ್ಲ ಹಾಗೇ ಇಟ್ಟು ಒಳಗೆ ಹೊಸ ಸರ್ಕ್ಯೂಟ್ ಸೇರಿಸುವುದು. ಗುಂಡಿ ತಿರುಗಿಸಿದರೆ ಹಳೆಯ ಮುಳ್ಳೇ ಸರಿಯುತ್ತದೆ, ಕೇಳುವುದು ಮಾತ್ರ ಎಫ್‌ಎಂ ಅಥವಾ ಬ್ಲೂಟೂತಿನ ಹಾಡು. ನೋಡಲು ಸೊಗಸು. ಆದರೆ ಇದನ್ನು ಮಾಡುವ ಕೆಲವರು ಒಳಗಿನ ವಾಲ್ವು, ಕಾಯಿಲುಗಳನ್ನೆಲ್ಲ ಕಿತ್ತು ಬಿಸಾಡುತ್ತಾರೆ. ಹೊರಗೆ ರೇಡಿಯೋ, ಒಳಗೆ ಖಾಲಿ ಡಬ್ಬ! ಕೆಟ್ಟು ಕರಕಲಾದ ರೇಡಿಯೋಗೆ ಇದು ಸರಿಯಿರಬಹುದು, ಹಾಡುವ ರೇಡಿಯೋಗೆ ಖಂಡಿತ ಅಲ್ಲ. ಎರಡನೆಯ ದಾರಿ ಇನ್ನೂ ಸರಳ. ರೇಡಿಯೋವನ್ನು ಮುಟ್ಟುವುದೇ ಬೇಡ. ಅಂಗೈ ಅಗಲದ ಆಂಪ್ಲಿಫೈಯರ್ ಒಂದನ್ನು ಸೀಟಿನ ಕೆಳಗೋ ಗ್ಲೌವ್ ಬಾಕ್ಸಿನೊಳಗೋ ಇಟ್ಟು, ಜೇಬಿನ ಮೊಬೈಲಿನಿಂದ ಹಾಡು ಕಳಿಸುವುದು. 1932ರ ಏರ್ಪಾಡು ಮರಳಿ ಬಂದಂತೆಯೇ. ಸ್ಟೀರಿಂಗಿನ ಮೇಲಿದ್ದ ನಿಯಂತ್ರಕ ಈಗ ಜೇಬಿನಲ್ಲಿದೆ, ಅಷ್ಟೆ. ಓಡಿಸುವಾಗ ಅದನ್ನು ಜೇಬಿನಲ್ಲೇ ಬಿಡಬೇಕು ಎಂಬುದು ಬೇರೆ ಮಾತು.

ನಿಜವಾದ ಅಪಾಯವಿರುವುದು ಕಣ್ಣಿಗೆ ಕಾಣುವ ಕಡೆ ಅಲ್ಲ, ವೈರಿನಲ್ಲಿ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿ ಕಾರಿನ ಮೈಗೆ ಸೇರಿರುತ್ತದೆ. ಮಾರಿಸ್ ಮೈನರ್‌ನಂಥ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಮೈಗೆ ಸೇರಿರುವುದು ಪಾಸಿಟಿವ್. ಹೊಸ ಆಂಪ್ಲಿಫೈಯರಿನ ಲೋಹದ ಕವಚ ನೆಗೆಟಿವ್ ತುದಿಗೆ ಹೊಂದಿಕೊಂಡಿರುವುದೇ ರೂಢಿ. ಅದನ್ನು ಇಂಥ ಕಾರಿನ ಮೈಗೆ ಸ್ಕ್ರೂ ಹಾಕಿ ಬಿಗಿದರೆ ಬ್ಯಾಟರಿಯ ಎರಡು ತುದಿಗಳನ್ನೂ ನೇರ ಜೋಡಿಸಿದಂತೆ. ಆಂಪ್ಲಿಫೈಯರ್ ಸುಟ್ಟರೆ ಪುಣ್ಯ. ವೈರ್ ಸುಟ್ಟರೆ ಕಾರು ಹೋಗುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಅರವತ್ತರ ದಶಕದ ಮಧ್ಯದವರೆಗೂ ಇದ್ದದ್ದು 6 ವೋಲ್ಟ್ ವ್ಯವಸ್ಥೆ. ಎರಡಕ್ಕೂ ಮದ್ದು ಒಂದೇ: ಒಳ ಬರುವ ವಿದ್ಯುತ್ತಿಗೂ ಹೊರ ಹೋಗುವ ವಿದ್ಯುತ್ತಿಗೂ ನೇರ ಸಂಪರ್ಕವೇ ಇಲ್ಲದ ಪರಿವರ್ತಕವನ್ನು ನಡುವೆ ಇಡುವುದು. ಕಾರಿನ ಮೂಲ ವೈರಿಂಗ್ ಬದಲಿಸುವ ಅಗತ್ಯವಿಲ್ಲ.

ಇನ್ನು ಡೈನಮೋ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬಹಳವಾಗಿ ಕಾಣುವ ಲ್ಯೂಕಾಸ್ ಸಿ-40 ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರ್. ರಾತ್ರಿ ಮಳೆಯಲ್ಲಿ ಹೆಡ್‌ಲೈಟು, ಟೈಲ್‌ಲೈಟು, ವೈಪರ್, ಇಗ್ನಿಷನ್ ಕಾಯಿಲು ಸೇರಿ ಅರ್ಧಕ್ಕೂ ಹೆಚ್ಚನ್ನು ತಿನ್ನುತ್ತವೆ. ಸಿಗ್ನಲ್ಲಿನಲ್ಲಿ ಎಂಜಿನ್ ಮೆಲ್ಲಗೆ ತಿರುಗುವಾಗ ಡೈನಮೋ ಕೊಡುವುದು ಏನೂ ಇಲ್ಲ ಎನ್ನುವಷ್ಟು ಕಡಿಮೆ. ಪೆಟ್ಟಿಗೆಯ ಮೇಲೆ 1000 ವಾಟ್ ಎಂದು ಅಚ್ಚು ಹಾಕಿದ ಆಂಪ್ಲಿಫೈಯರನ್ನು ಇದಕ್ಕೆ ಗಂಟು ಹಾಕಿದರೆ ಮರುದಿನ ಬೆಳಿಗ್ಗೆ ಕಾರು ತಳ್ಳಲು ನೆರೆಯವರನ್ನು ಕರೆಯಬೇಕು. 'ಡಿ ವರ್ಗ'ದ ಆಂಪ್ಲಿಫೈಯರ್‌ಗಳು ತೆಗೆದುಕೊಂಡ ವಿದ್ಯುತ್ತಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ಸ್ಪೀಕರಿಗೆ ಮುಟ್ಟಿಸುತ್ತವೆ. ಹಳೆಯ ಬಗೆಯವು ಅರ್ಧದ ಹತ್ತಿರ ಬಿಸಿಯಾಗಿಯೇ ಕಳೆಯುತ್ತವೆ. ಕಾರಿನಂಥ ಪುಟ್ಟ ಜಾಗಕ್ಕೆ ಸ್ಪೀಕರಿಗೆ ಹದಿನೈದು ಇಪ್ಪತ್ತು ವಾಟ್ ಧಾರಾಳ ಸಾಕು.

ಮಾರಿಸ್ ಮೈನರಿನ ಇಡೀ ಕಾರಿಗೆ ಇದ್ದದ್ದು ಎರಡೇ ಫ್ಯೂಸು. ಬಟ್ಟೆ ಸುತ್ತಿದ ವೈರುಗಳ ಒಳಗಿನ ರಬ್ಬರು ಈ ಹೊತ್ತಿಗೆ ಹುರಿದ ಹಪ್ಪಳದಂತೆ ಪುಡಿಯಾಗುತ್ತಿರುತ್ತದೆ. ಅಂಥ ವೈರಿಗೆ ಹೊಸ ಭಾರ ಹೊರಿಸಬಾರದು. ಬ್ಯಾಟರಿಯಿಂದಲೇ ಬೇರೆ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕುವುದು ಕ್ಷೇಮ. ಕರ್ಕಶ ಸದ್ದಿನ ಕಾಟವೂ ಇದೆ. ಪಾಯಿಂಟು, ಪ್ಲಗ್ಗುಗಳ ಕಿಡಿಯೇ ಒಂದು ಪುಟ್ಟ ರೇಡಿಯೋ ಕೇಂದ್ರದಂತೆ ಚಟಪಟ ಪ್ರಸಾರ ಮಾಡುತ್ತಿರುತ್ತದೆ. ಮೂವತ್ತರ ದಶಕದವರೂ ಪ್ಲಗ್ಗಿಗೆ ರೆಸಿಸ್ಟರ್, ಡೈನಮೋಗೆ ಕಂಡೆನ್ಸರ್ ಹಾಕಿ ಇದನ್ನು ಅಡಗಿಸುತ್ತಿದ್ದರು. ಇಂದಿಗೂ ಅದೇ ಮದ್ದು.

ಸ್ಪೀಕರಿಗೆ ತೂತು ಬೇಡವೇ ಎಂದರೆ, ಬೇಡ. ಐವತ್ತರ ದಶಕದ ಬಹುಪಾಲು ಕಾರುಗಳಲ್ಲಿ ರೇಡಿಯೋಗೆ ಒಂದೇ ಸ್ಪೀಕರ್ ಇರುತ್ತಿತ್ತು. ಅದೇ ಜಾಗದಲ್ಲಿ ಕೂರುವ, ಒಂದೇ ಕಾಗದದ ಕೋನ್‌ಗೆ ಎರಡು ಕಾಯಿಲ್ ಸುತ್ತಿದ ಸ್ಪೀಕರುಗಳು ಸಿಗುತ್ತವೆ. ಎಡ, ಬಲ ಎರಡೂ ಕಡೆಯ ದನಿ ಒಂದರಲ್ಲೇ ಸೇರಿ ಬರುತ್ತದೆ. ಸ್ಟೀರಿಯೋ ಆಗುವುದಿಲ್ಲ, ಆದರೆ ಹಾಡಿನ ಯಾವ ಭಾಗವೂ ಕಳೆಯುವುದಿಲ್ಲ. ಸ್ಟೀರಿಯೋ ಬೇಕೆಂದರೆ ಮುಂದಿನ ಸೀಟಿನ ಕೆಳಗೆ ಪುಟ್ಟ ಪೆಟ್ಟಿಗೆಗಳನ್ನಿಡಬಹುದು. ಕಾಲಿನ ಪಕ್ಕದ ಹಲಗೆಗೆ ತದ್ರೂಪು ಮಾಡಿಸಿ, ತೂತು ಏನಿದ್ದರೂ ನಕಲಿಗೆ ಕೊರೆದು, ಅಸಲಿ ಹಲಗೆಯನ್ನು ಮನೆಯ ಅಟ್ಟದಲ್ಲಿಡಬಹುದು. ರೆಗ್ಜಿನ್ ಹೊದಿಸಿದ ಹಾರ್ಡ್‌ಬೋರ್ಡ್ ನಕಲು ಮಾಡಲು ಒಬ್ಬ ಒಳ್ಳೆಯ ಸೀಟು ಹೊಲಿಯುವವನಿಗೆ ಕಷ್ಟದ ಕೆಲಸವೇನಲ್ಲ.

ಒಂದು ಎಚ್ಚರಿಕೆ ಕರಾವಳಿಯವರಿಗೆ. ಸದ್ದು ತಗ್ಗಿಸಲೆಂದು ಕಾರಿನ ತಳಕ್ಕೆ ಅಂಟು ಹಾಳೆ ಮೆತ್ತುವ ರೂಢಿ ಈಗ ಜೋರಾಗಿದೆ. ಹೊಸ ಕಾರಿಗೆ ಸರಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಹಳೆಯ ಕಾರಿನ ಬಾಗಿಲ ಸಂದಿಯಿಂದ ಇಳಿದ ನೀರು ಆ ಹಾಳೆಯ ಅಡಿಯಲ್ಲಿ ನಿಂತರೆ, ತುಕ್ಕು ಮೇಲೆ ಕಾಣಿಸುವ ಹೊತ್ತಿಗೆ ತಳವೇ ಇರುವುದಿಲ್ಲ. ಎತ್ತಿ ಒಣಗಿಸಬಹುದಾದ ಕಂಬಳಿಯಂಥ ಹಾಸು ಸಾಕು.

ಈ ವಿಷಯದಲ್ಲಿ ಜಗತ್ತಿಗೆ ಒಂದು ನಡೆ ಗೊತ್ತಾಗಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 'ಫಿವಾ' 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಪುರಾತನ ಕಟ್ಟಡಗಳ ರಕ್ಷಣೆಗೆ 1964ರಲ್ಲಿ ವೆನಿಸ್‌ನಲ್ಲಿ ಆದ ಸನ್ನದೇ ಅದಕ್ಕೆ ಮಾದರಿ. ಬೇಲೂರಿನ ಗುಡಿಗೆ ಅನ್ವಯಿಸುವ ವಿವೇಕವನ್ನು ಒಂದು ಮೋಟಾರು ಗಾಡಿಗೂ ಅನ್ವಯಿಸಿದ್ದು ಕೆಲವರಿಗೆ ನಗೆ ತರಿಸೀತು. ಆದರೆ ಅದು ಹೇಳುವುದು ನ್ಯಾಯವಾದದ್ದನ್ನೇ: ಬದಲಾವಣೆ ಆದಷ್ಟು ಕಡಿಮೆ ಇರಲಿ, ಮತ್ತೆ ತೆಗೆಯಲು ಬರುವಂತಿರಲಿ, ತೆಗೆದ ಮೂಲ ಭಾಗಗಳು ವಾಹನದ ಜೊತೆಗೇ ಉಳಿಯಲಿ. ನಮ್ಮ ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ 'ವಿಎ' ಸರಣಿಯ ಪ್ರತ್ಯೇಕ ನೋಂದಣಿ ಸಿಗುತ್ತದೆ. ಷಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರೀ ಮಾರ್ಪಾಡು ಆಗಿರಬಾರದೆಂಬುದು ಷರತ್ತು.

ಈಗಾಗಲೇ ಕೊಯ್ದ ಕಾರು ಕೊಂಡವರು ಏನು ಮಾಡಬೇಕು? ಫಿಯಟ್‌ನಂಥ ಲೋಹದ ಡ್ಯಾಶ್‌ಬೋರ್ಡ್ ಆದರೆ ಒಳ್ಳೆಯ ಟಿಂಕರಿಂಗ್ ಕೆಲಸಗಾರ ತುಂಡು ಬೆಸೆದು, ಬಣ್ಣ ಹೊಡೆದು ಗಾಯ ಮುಚ್ಚುತ್ತಾನೆ. ಮರದ ಡ್ಯಾಶ್‌ಬೋರ್ಡ್ ಆದರೆ ಕಷ್ಟ. ದುಬಾರಿ ಕಾರುಗಳಲ್ಲಿ ಒಂದೇ ದಿಮ್ಮಿಯಿಂದ ಸೀಳಿದ ತೆಳು ಪದರಗಳನ್ನು ಎಡಬಲಕ್ಕೆ ಗೆರೆ ಕೂಡುವಂತೆ ಜೋಡಿಸಿರುತ್ತಿದ್ದರು. ಆ ಗೆರೆಗಳಿಗೆ ಹೊಂದುವ ಇನ್ನೊಂದು ತುಂಡು ಸಿಗುವುದಿಲ್ಲ. ಅಂಥ ಕಡೆ ಕಿಂಡಿಯನ್ನು ಹಾಗೇ ಬಿಟ್ಟು, ಆ ಕಾಲದ ರೇಡಿಯೋ ಮುಖವೊಂದನ್ನು ಹುಡುಕಿ ಕೂರಿಸುವುದೇ ಲೇಸು.

ಕೆಲಸ ಮುಗಿದ ಮೇಲೆ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ಒಂದು ಪುಟದ ನಕ್ಷೆ ಬರೆದು, ಬಿಚ್ಚಿದ ಸ್ಕ್ರೂಗಳ ಜೊತೆ ಲಕೋಟೆಗೆ ಹಾಕಿ ಗ್ಲೌವ್ ಬಾಕ್ಸಿನಲ್ಲಿಡುವ ಮಾಲೀಕರು ಕೆಲವರಿದ್ದಾರೆ. ಮೂವತ್ತು ವರ್ಷದ ನಂತರ ಆ ಕಾರನ್ನು ಕೊಳ್ಳುವಾತ ಬ್ಲೂಟೂತ್ ಎಂಬ ಹೆಸರನ್ನೇ ಕೇಳಿರಲಿಕ್ಕಿಲ್ಲ. ಲಕೋಟೆ ತೆರೆದು, ನಾಲ್ಕು ಸ್ಕ್ರೂ ಬಿಚ್ಚಿ, ಸೀಟಿನ ಕೆಳಗಿನ ಡಬ್ಬಿ ತೆಗೆದು ಪಕ್ಕಕ್ಕಿಟ್ಟರೆ ಅವನಿಗೆ 1958ರ ಕಾರು ಹಾಗೆಯೇ ಸಿಗುತ್ತದೆ.