ಗೆಲ್ಲುವನೇ ಎಂಬ ಪ್ರಶ್ನೆಗೆ ಮೊದಲು ಲೆಕ್ಕ
(ಬಾಗಲಗುಂಟೆಯಲ್ಲಿ ಮಾಡಿದ ಭಾಷಣ)



ಚುನಾವಣೆ ಸಮೀಪಿಸಿದಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಸಣ್ಣ ಪಕ್ಷದ ಈ ಅಭ್ಯರ್ಥಿ ಸಜ್ಜನನೇ ಹೌದು, ಆದರೆ ಗೆಲ್ಲುವನೇ? ಮೆರವಣಿಗೆಯ ಜನಸಂದಣಿ ಕಂಡ ಮಗ ‘ಗೆಲುವು ಖಚಿತ’ ಎನ್ನುತ್ತಾನೆ. ತಂದೆ ‘ಮತ ವ್ಯರ್ಥ’ ಎಂದು ಮಾತು ಮುಗಿಸುತ್ತಾರೆ. ಇಬ್ಬರೂ ಲೆಕ್ಕ ಹಾಕಿರುವುದಿಲ್ಲ.

2018ರಲ್ಲಿ ಕೊಳ್ಳೇಗಾಲದಿಂದ ಬಿಎಸ್‌ಪಿಯ ಎನ್. ಮಹೇಶ್ ಆಯ್ಕೆಯಾದರು. ಅದು ಪವಾಡವಾಗಿರಲಿಲ್ಲ. 2013ರಲ್ಲೇ ಅವರು ಅಲ್ಲಿ ಎರಡನೆಯ ಸ್ಥಾನ ಪಡೆದಿದ್ದರು. 2018ರಲ್ಲಿ ಜೆಡಿಎಸ್‌ನ ಮೈತ್ರಿಯೂ ಜೊತೆಗಿತ್ತು. ಅದೇ ಮೈತ್ರಿಯಿದ್ದೂ ಆ ಪಕ್ಷ ರಾಜ್ಯದ ಬೇರಾವ ಕ್ಷೇತ್ರದಲ್ಲೂ ಗೆಲ್ಲಲಿಲ್ಲ. 2023ರಲ್ಲಿ ಆಮ್ ಆದ್ಮಿ ಪಕ್ಷ ಇನ್ನೂರಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ಸ್ಪರ್ಧಿಸಿ ಒಂದನ್ನೂ ಪಡೆಯಲಿಲ್ಲ. ಸಣ್ಣ ಪಕ್ಷವನ್ನು ಗೆಲ್ಲಿಸುವುದು ಗಾಳಿಯಲ್ಲ, ಒಂದೇ ನೆಲದಲ್ಲಿ ವರ್ಷಗಟ್ಟಲೆ ಇಳಿದ ಬೇರು.

ನಮ್ಮ ದಾಸರಹಳ್ಳಿ ಕ್ಷೇತ್ರವನ್ನೇ ನೋಡೋಣ. 2018ರಲ್ಲಿ ಆರ್. ಮಂಜುನಾಥ್, 2023ರಲ್ಲಿ ಎಸ್. ಮುನಿರಾಜು ಗೆದ್ದರು. ಎರಡೂ ಬಾರಿ ಮೊದಲೆರಡು ಸ್ಥಾನಗಳು ಇವರಿಬ್ಬರವೇ. ಇಲ್ಲಿ ಹೊಸಬನೊಬ್ಬ ಗೆಲ್ಲಬೇಕಾದರೆ ಬೇರೂರಿದ ಇಂತಹ ಬಲಗಳನ್ನು ದಾಟಬೇಕು. ಅವನ ಪಕ್ಷಕ್ಕೆ ಕಳೆದ ಬಾರಿ ಯಾವ ಮತಗಟ್ಟೆಯಲ್ಲಿ ಎಷ್ಟು ಮತ ಬಿತ್ತೆಂಬುದು ಚುನಾವಣಾಧಿಕಾರಿಯ ನಮೂನೆ 20ರಲ್ಲಿದೆ. ಚಲಾವಣೆಯಾದ ಸಿಂಧು ಮತಗಳ ಆರನೆಯ ಒಂದು ಭಾಗವನ್ನು ಮೀರದೆ ಠೇವಣಿಯನ್ನೇ ಕಳೆದುಕೊಂಡಿದ್ದವನು ಈ ಬಾರಿ ಗೆಲ್ಲುವನೆಂದರೆ, ಉಳಿದ ಮತಗಳು ಎಲ್ಲಿಂದ ಬರುತ್ತವೆಂದು ನಾವು ಕೇಳಲೇಬೇಕು. ಪ್ರತಿ ಮತಗಟ್ಟೆಗೆ ಅವನಲ್ಲಿ ಏಜೆಂಟರಿದ್ದಾರೆಯೇ ಎಂದೂ ಕೇಳಬೇಕು.

ಹಾಗಾದರೆ ದುರ್ಬಲನಿಗೆ ಮತ ಹಾಕುವುದು ತಪ್ಪೇ? ಅಲ್ಲ. ಆದರೆ ಅದರ ಬೆಲೆ ತಿಳಿದಿರಬೇಕು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಒಂದೇ ಮತದಿಂದ ಸೋತರು. 2023ರಲ್ಲಿ ಜಯನಗರದ ಅಂತರ ಕೇವಲ 16 ಮತ. ಇಂತಹ ನಿಕಟ ಸ್ಪರ್ಧೆಯಲ್ಲಿ ಮೂರನೆಯವನಿಗೆ ಹೋದ ಒಂದು ಕುಟುಂಬದ ಮತವೇ ಫಲಿತಾಂಶವನ್ನು ನಿರ್ಧರಿಸಬಲ್ಲದು. ಅಂತರ ದೊಡ್ಡದಿರುವಲ್ಲಿ ಅದೇ ಮತ ನಾಳೆಯ ಬೇರಿಗೆ ಎರೆದ ನೀರಾಗಬಹುದು.

ಆದುದರಿಂದ ಕುಟುಂಬದವರು ಒಟ್ಟಿಗೆ ಕುಳಿತು ಲೆಕ್ಕ ನೋಡಲಿ, ಬಳಿಕ ಪ್ರತಿಯೊಬ್ಬರೂ ಆತ್ಮಸಾಕ್ಷಿಯಂತೆ ನಿರ್ಧರಿಸಲಿ. ಭಿನ್ನವಾಗಿ ಮತ ಹಾಕಿದ ಸಹೋದರನನ್ನು ‘ಮಾರಿಕೊಂಡವನು’ ಎಂದು ಜರೆಯುವುದು ಬೇಡ. ಫಲಿತಾಂಶ ಐದು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಒಡೆದ ಮನಸ್ಸು ಅಷ್ಟು ಬೇಗ ಕೂಡುವುದಿಲ್ಲ.